ಮಗನ ಜಾಗಕ್ಕೆ ಬಂದ ಅಳಿಯ

ನಮ್ಮ ಚರ್ಚಿನ ಸಭೆಯ ಬುಧವಾರದ ಕೂಟ ಈಗೀಗ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಪಾದ್ರಿ ಅಯ್ಯನವರು ಬೈಬಲ್ಲು, ನಮ್ಮ ಮಾತಿನಲ್ಲಿ ಸತ್ಯವೇದ, ಓದಿ ವಿವರಿಸುತ್ತಾರೆ, ಪ್ರಾರ್ಥನೆ ಆಗುತ್ತದೆ, ಕಾಫಿ ಬರುತ್ತದೆ, ಚಪ್ಪಲಿ ಹುಡುಕಿಕೊಂಡು ಎಲ್ಲರೂ ಮನೆಗೆ ಹೋಗುತ್ತೇವೆ. ಹೋದ ವರ್ಷದವರೆಗೆ ಹೀಗಿರಲಿಲ್ಲ. ವಿವರಣೆ ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿನ ಗೋಡೆಗೆ ಒರಗಿ ಕೂತವರೊಬ್ಬರ ಬಲಗೈ ಮೇಲೇಳುತ್ತಿತ್ತು.

"ಒಂದ್ ಡೌಟು, ಅಯ್ಯನೋರೆ."

ಅಲ್ಲಿಗೆ ಕಾಫಿ ಆರಿಹೋಯಿತೆಂದೇ ಅರ್ಥ. ಹೆಂಗಸರು ಗೊಣಗುತ್ತಿದ್ದರು, ಹುಡುಗರು ಮೊಬೈಲು ತೆಗೆಯುತ್ತಿದ್ದರು. ಡೌಟು ಎನ್ನುವುದು ಅವರ ಬಾಯಲ್ಲಿ ಬರೀ ಮರ್ಯಾದೆಯ ಮಾತು. ಅವರಿಗೆ ಯಾವತ್ತೂ ಡೌಟು ಇದ್ದದ್ದಿಲ್ಲ, ವಾದ ಇರುತ್ತಿತ್ತು.

ಅವರು ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವರು. ಮಧುಗಿರಿಯಿಂದ ಪಾವಗಡ, ಸಿರಾ, ಕೊರಟಗೆರೆ ಎಂದು ಈ ಸೀಮೆಯ ಎಲ್ಲ ದಾರಿಗಳಲ್ಲೂ ಓಡಾಡಿ ನಿವೃತ್ತರಾದರು. ನಾವೆಲ್ಲ 'ಕಂಡಕ್ಟ್ರಣ್ಣ' ಎಂದೇ ಕರೆಯುತ್ತಿದ್ದೆವು. ಕೆಲಸ ಬಿಟ್ಟ ಮೇಲೂ ಕೆಲಸ ಅವರನ್ನು ಬಿಡಲಿಲ್ಲ. ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ದಿನ ಜನ ಸಾಲಾಗಿ ಪೀಠದ ಹತ್ತಿರ ಹೋಗುವಾಗ ಹಿಂದಿನಿಂದ ಅವರ ದನಿ ಕೇಳಿಸುತ್ತಿತ್ತು, "ಮುಂದಕ್ಕೆ ಹೋಗ್ರಮ್ಮ, ಮುಂದೆ ಜಾಗ ಅದೆ." ಸತ್ಯವೇದದಲ್ಲಿ ಗುರುತಿಗೆ ಇಟ್ಟುಕೊಂಡಿದ್ದೆಲ್ಲ ಹಳೆಯ ಹರಿದ ಟಿಕೆಟುಗಳು. ರೋಮಾಪುರದವರಿಗೆ ಪೌಲ ಬರೆದ ಪತ್ರಿಕೆಯ ಹಾಳೆಗಳ ನಡುವೆ ಅಂಥ ಟಿಕೆಟುಗಳು ಎಷ್ಟು ತುಂಬಿದ್ದವೆಂದರೆ, ಪುಸ್ತಕ ಆ ಜಾಗದಲ್ಲಿ ಬಾಯಿ ತೆರೆದುಕೊಂಡೇ ಇರುತ್ತಿತ್ತು.

ಅವರ ದೊಡ್ಡ ವಾದ ಒಂದೇ. ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಮಾತು ಈಗ ಯಾರದು? ಅವರದೇ ಇನ್ನೂ ಉಳಿದಿದೆಯೋ, ಅವರು ಬೇಡವೆಂದ ಮೇಲೆ ಸಭೆಗೆ, ಅಂದರೆ ನಮಗೆ, ಬಂದುಬಿಟ್ಟಿತೋ? ಇದು ಪಂಡಿತರ ಪ್ರಶ್ನೆ, ಮಧುಗಿರಿಯ ಹೆಂಚಿನ ಚರ್ಚಿಗೆ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಟೀವಿಯಲ್ಲಿ ಆ ಇಸ್ರಾಯೇಲ್ ದೇಶದ ಯುದ್ಧ ಬರತೊಡಗಿದ ಮೇಲೆ ನಮ್ಮಲ್ಲೂ ಬಂತು. ಯಾರೋ ಬೋಧಕರ ವೀಡಿಯೋಗಳು ಸಭೆಯ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿದವು. ಕಡೇ ಕಾಲ ಬಂತು, ಪ್ರವಾದನೆ ನೆರವೇರುತ್ತಿದೆ ಎಂದು ಒಬ್ಬರ ಮನೆಯಲ್ಲಿ ಆ ದೇಶದ ಬಾವುಟ ಕ್ಯಾಲೆಂಡರಿನ ಪಕ್ಕಕ್ಕೇ ಬಂತು. ಹುಡುಗರು ಅಯ್ಯನವರನ್ನು ಕೇಳಿದರು. ಅಯ್ಯನವರು ಕೊರಟಗೆರೆ ಕಡೆಯವರು, ಇನ್ನೂ ಚಿಕ್ಕ ವಯಸ್ಸು, ಚೆನ್ನಾಗಿ ಓದಿಕೊಂಡವರು. ಸರಿ, ರೋಮಾಪುರದವರಿಗೆ ಬರೆದ ಆ ಪತ್ರಿಕೆಯ ಹನ್ನೊಂದನೆಯ ಅಧ್ಯಾಯವನ್ನು ಬುಧವಾರ ಬುಧವಾರ ನಿಧಾನವಾಗಿ ನೋಡೋಣ ಎಂದರು.

ಅವರು ಹೇಳಿದ್ದು ಇಷ್ಟು. ಇಸ್ರಾಯೇಲ್ಯರೆಂಬ ಎಣ್ಣೆಮರದ, ಅಂದರೆ ಆಲಿವ್ ಮರದ, ಕೆಲವು ಕೊಂಬೆ ಮುರಿದವು, ಕಾಡುಗಿಡದ ಕೊಂಬೆಗಳಾದ ನಮ್ಮನ್ನು ಅಲ್ಲಿ ಕಸಿ ಕಟ್ಟಿದರು. ಹಾಗಂತ ನಾವು ಜಂಬ ಪಡಬಾರದು. ಬೇರು ನಮ್ಮದಲ್ಲ. ಮುರಿದ ಕೊಂಬೆಯನ್ನು ದೇವರು ತಿರುಗಿ ಕಟ್ಟಬಲ್ಲ. "ಆ ದೇಶದ ಸರ್ಕಾರ ಮಾಡೋದೆಲ್ಲ ಸರಿ ಅಂತ ಇದರ ಅರ್ಥ ಅಲ್ಲ. ಅಲ್ಲಿ ಸಾಯ್ತಾ ಇರೋ ಮಕ್ಕಳಿಗೆಲ್ಲ ನಾವು ಅಳಬೇಕು. ಆದರೆ ದೇವರು ಒಬ್ಬರಿಗೆ ಕೊಟ್ಟ ಮಾತನ್ನ ಕಿತ್ತು ಇನ್ನೊಬ್ಬರಿಗೆ ಕೊಡೋನಲ್ಲ," ಎಂದರು.

ಕೈ ಮೇಲೆದ್ದಿತು.

"ಅಯ್ಯನೋರೆ, ಒಬ್ಬ ಕಿಟಕಿಯಿಂದ ಟವೆಲ್ ಎಸೆದು ಸೀಟ್ ಹಿಡೀತಾನೆ. ಆಮೇಲೆ ಇಳಿದು ಹೋದೋನು ಬರದೇ ಇಲ್ಲ. ಬಸ್ಸು ಕೊರಟಗೆರೆ ದಾಟ್ತು. ನಿಂತಿದ್ದೋನ್ನ ನಾನೇ ಕರೆದು ಕೂರಿಸ್ದೆ. ಈಗ ಟವೆಲ್‌ನೋನು ಮಧುಗಿರೀಲಿ ಇನ್ನೊಂದ್ ಬಸ್ಸಿಂದ ಇಳಿದು ಬಂದು, ನನ್ ಸೀಟು ಅಂತಾನೆ. ನಾನೇನ್ ಮಾಡ್ಬೇಕು? ಟವೆಲ್ ಕೊಟ್ಟು ಕಳಿಸ್ತೀನಿ. ಸೀಟ್ ಕೊಡಕ್ಕಾಯ್ತದಾ?"

"ಅವನು ಟಿಕೆಟ್ ತಗೊಂಡಿದ್ನಾ ಅಣ್ಣಾ?"

"ತಗಂಡಿದ್ದ ಅನ್ನಿ."

"ಕೊಟ್ಟೋರು ಯಾರು?"

"ನಾನೇ."

"ಅಂದ್ಮೇಲೆ ಅವನನ್ನ ಊರು ಮುಟ್ಟಿಸೋ ಜವಾಬ್ದಾರಿ ನಿಮ್ಮದಲ್ವಾ?"

ಬಾಗಿಲ ಹತ್ತಿರ ಕೂತಿದ್ದ ಅಜ್ಜಿಯೊಬ್ಬರು ಆಗ ಬಾಯಿ ಹಾಕಿದರು. "ಪಾಪ, ಒಂದಕ್ಕೆ ಹೋಗಿರ್ತಾನೆ ಕಣಪ್ಪ. ಅಷ್ಟ್ರೊಳಗೆ ನೀನು ವಿಸಲ್ ಊದ್ಬುಟ್ಟು ಹೊಂಟೇ ಬುಟ್ರೆ ಅವ್ನೇನ್ ಮಾಡ್ತಾನೆ?"

"ಅಜ್ಜೀ, ಇದು ದೇವರ ವಾಕ್ಯ."

"ಬಸ್ಸು ತಂದೋನು ನೀನೇ ಅಲ್ವೇನ್ಲಾ?"

ಸಭೆಯೆಲ್ಲ ನಕ್ಕಿತು. ಅವರು ನಗಲಿಲ್ಲ. ನಾವು ಕೂಡ ನಗುವನ್ನು ಅರ್ಧಕ್ಕೇ ನುಂಗಿಕೊಂಡೆವು. ಅವರು ಯಾವ ಸೀಟಿನ ಮಾತಾಡುತ್ತಿದ್ದಾರೆ ಎಂಬುದು ಅಲ್ಲಿದ್ದ ವಯಸ್ಸಾದವರಿಗೆಲ್ಲ ಗೊತ್ತಿತ್ತು.

ಅವರು ಹುಟ್ಟಿದ್ದು ಸಿರಾ ತಾಲ್ಲೂಕಿನ ಗೌಡಗೆರೆ ಹತ್ತಿರದ ಹಳ್ಳಿಯಲ್ಲಿ. ಮಧುಗಿರಿಗೆ ಬಂದದ್ದು ಮನೆವಾಳ್ತನಕ್ಕೆ. ಅಂದರೆ ಹೆಂಡತಿಯನ್ನು ಕರೆದುಕೊಂಡು ಹೋಗುವ ಬದಲು ತಾನೇ ಹೆಂಡತಿಯ ಮನೆಗೆ ಬಂದು ನೆಲೆಸಿದ ಅಳಿಯ. ಮಾವ ಮಿಷನ್ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದವರು, ಚರ್ಚಿನ ಹಿಂದಿನ ಬೀದಿಯಲ್ಲಿ ಮನೆ. ಅವರಿಗೆ ಒಬ್ಬನೇ ಮಗ, ಒಬ್ಬಳೇ ಮಗಳು. ಮಗ ವೈ.ಎನ್.ಹೊಸಕೋಟೆ ಕಡೆಯ ಹುಡುಗಿಯನ್ನು ಇಷ್ಟಪಟ್ಟ. ಅವಳ ಮನೆಯವರು ನಮ್ಮ ಸಭೆಯವರಲ್ಲ. ಅವಳೋ, ಈ ಮನೆಯೋ ಎಂದರು ಅಪ್ಪ. ಅವನು ಹೊಸಕೋಟೆ ಬಸ್ಸು ಹತ್ತಿದ. ಅಲ್ಲಿ ಹೆಂಡತಿಯ ಮನೆಯಲ್ಲೇ ಉಳಿದು ಅವರ ಕಡಲೆಕಾಯಿ ಹೊಲ ನೋಡಿಕೊಂಡ. ಅಲ್ಲಿ ಅವನು ಮನೆವಾಳ್ತನದ ಅಳಿಯ, ಇಲ್ಲಿ ಇವರು. ಅಪ್ಪ ಆಮೇಲೆ ಮಗನ ಹೆಸರು ಎತ್ತಿದ್ದನ್ನು ಯಾರೂ ಕೇಳಲಿಲ್ಲ. ಮಗಳ ಮದುವೆಯ ದಿನ ಸಭೆಯ ಮುಂದೆ ಅಳಿಯನ ಭುಜದ ಮೇಲೆ ಕೈಯಿಟ್ಟು, "ಇವತ್ತಿಂದ ಇವನೇ ನನ್ನ ಮಗ," ಎಂದರಂತೆ.

ಆ ಮಾತನ್ನು ಇವರು ಎದೆಯಲ್ಲಿಟ್ಟುಕೊಂಡು ಬದುಕಿದರು. ಮಾವ, ಅತ್ತೆ ಎಂದು ಕರೆದವರೇ ಅಲ್ಲ. ಅಪ್ಪ, ಅವ್ವ. ಪಾವಗಡದ ಪಾಳಿ ಮುಗಿಸಿ ಬಂದವರು ಯೂನಿಫಾರಂ ಕೂಡ ಬಿಚ್ಚದೆ ಹಾಸಿಗೆ ಹಿಡಿದಿದ್ದ ಅಪ್ಪನ ಮೈ ಒರೆಸುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಹೆತ್ತ ಮಗ ಮಾಡುತ್ತಿದ್ದನೋ ಇಲ್ಲವೋ. ಅಪ್ಪ ತೀರಿಕೊಂಡಾಗ ಸಮಾಧಿಗೆ ಕಲ್ಲು ಹಾಕಿಸಿದವರೂ ಇವರೇ. ಕಲ್ಲಿನ ಕೆಳಭಾಗದಲ್ಲಿ 'ಮಗ' ಎಂದು ಕೆತ್ತಿಸಿ ಇವರ ಹೆಸರು, 'ಮಗಳು' ಎಂದು ಹೆಂಡತಿಯ ಹೆಸರು. ಹೊಸಕೋಟೆಯವನ ಹೆಸರು ಇರಲಿಲ್ಲ. ಅಪ್ಪನೇ ಬೇಡವೆಂದಿರಬೇಕು ಎಂದುಕೊಂಡೆವು. ಯಾರೂ ಕೇಳಲಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಪ್ರತಿ ಕ್ರಿಸ್ಮಸ್ಸಿಗೆ ಅವ್ವ ಒಂದು ಡಬ್ಬದಲ್ಲಿ ಕಜ್ಜಾಯ ತುಂಬಿ, ಬಟ್ಟೆ ಕಟ್ಟಿ, ಅಳಿಯ ಡ್ಯೂಟಿಗೆ ಹೊರಡುವಾಗ ಬಾಗಿಲಲ್ಲಿ ಇಡುತ್ತಿದ್ದರು. ಯಾರಿಗೆ ಎಂದು ಅವರು ಹೇಳುತ್ತಿರಲಿಲ್ಲ, ಇವರು ಕೇಳುತ್ತಿರಲಿಲ್ಲ. ಡಬ್ಬ ಡ್ರೈವರ್ ಸೀಟಿನ ಹಿಂದೆ ಕೂತು ಪಾವಗಡಕ್ಕೆ ಹೋಗುತ್ತಿತ್ತು, ಅಲ್ಲಿ ಹೊಸಕೋಟೆ ಬಸ್ಸಿನವನ ಕೈ ಸೇರುತ್ತಿತ್ತು. ಒಂದು ವಾರಕ್ಕೆ ಅದೇ ಡಬ್ಬ ಕಡಲೆಕಾಯಿ ತುಂಬಿಕೊಂಡು ವಾಪಸು. "ತಿಂದ್ರಾ ಅಣ್ಣಾ, ಆ ಕಡಲೆಕಾಯ್ನ?" ಎಂದು ಒಮ್ಮೆ ನಾನು ಕೆಣಕಿದೆ. "ಕಡಲೆಕಾಯಿಗೂ ನಂಗೂ ಜಗಳ ಇಲ್ಲ ಮೇಷ್ಟ್ರೇ," ಎಂದರು.

ಅವ್ವ ತುಂಬ ವರ್ಷ ಬದುಕಿದರು. ಕಡೆಗಾಲದಲ್ಲಿ ಅಯ್ಯನವರು ಪ್ರಾರ್ಥನೆಗೆ ಹೋದಾಗ ನಾನೂ ಜೊತೆಗಿದ್ದೆ. ಕಂಡಕ್ಟ್ರಣ್ಣ ಅವ್ವನನ್ನು ಎತ್ತಿ ದಿಂಬಿಗೆ ಒರಗಿಸಿ, ರಾಗಿ ಅಂಬಲಿಯನ್ನು ಚಮಚದಲ್ಲಿ ಕುಡಿಸುತ್ತಿದ್ದರು. ಎರಡು ಚಮಚ ಕುಡಿದು ಅವ್ವ ಸಾಕೆಂದರು.

"ಲೋ, ನನ್ ಕಲ್ಲಿನ್ ಮ್ಯಾಲೆ ಮಗನ ಹೆಸ್ರು ಬರೆಸು."

"ಅಪ್ಪನ ಕಲ್ಲಲ್ಲೇ ಐತಲ್ಲವ್ವ. ನಿನ್ನ ಕಲ್ಲಿಗೂ ಹಾಕಿಸ್ತೀನಿ."

"ನಿಂದಲ್ಲ ಕಣಪ್ಪ."

ಅವ್ವನ ದನಿಯಲ್ಲಿ ಕೋಪವಿರಲಿಲ್ಲ. ಕಂಡಕ್ಟ್ರಣ್ಣ ಬಟ್ಟಲನ್ನು ಕೆಳಗಿಟ್ಟು ಅವ್ವನ ಬಾಯಿ ಒರೆಸಿದರು. ಅಯ್ಯನವರು ನನ್ನ ಮುಖ ನೋಡಿದರು. ಪ್ರಾರ್ಥನೆ ಮಾಡಿ ಎದ್ದು ಬಂದೆವು.

ಅದಾದ ಕೆಲವೇ ದಿನಗಳಲ್ಲಿ ಅವ್ವ ಹೋದರು. ಮಣ್ಣಿಗೆ ಹೊಸಕೋಟೆಯಿಂದ ಮಗ ಬಂದಿದ್ದ. ಮಗ ಎನ್ನುತ್ತೇನೆ, ಅವನಿಗೂ ತಲೆ ಪೂರ್ತಿ ಬೆಳ್ಳಗಾಗಿತ್ತು. ಗೋಡೆಯ ಹತ್ತಿರದ ಬೇವಿನ ಮರದ ಕೆಳಗೆ ನಿಂತಿದ್ದ. ನಮ್ಮಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಮೊದಲ ಹಿಡಿ ಮಣ್ಣು ಹಾಕುವುದು ಮಗ, ಆಮೇಲೆ ಉಳಿದವರು. ಅಯ್ಯನವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಕಂಡಕ್ಟ್ರಣ್ಣ ಬೇವಿನ ಮರದ ಕಡೆ ನೋಡಿದ್ದು ನಿಜ. ನೋಡಿ, ಬಗ್ಗಿ, ಮಣ್ಣು ತೆಗೆದುಕೊಂಡು ತಾವೇ ಹಾಕಿದರು. ಹೊಸಕೋಟೆಯವನು ಎಲ್ಲರೂ ಹಾಕಿದ ಮೇಲೆ, ಅಕ್ಕಪಕ್ಕದ ಮನೆಯವರ ಹಿಂದೆ ಬಂದು ಹಾಕಿ, ಹಾಗೇ ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟ. ತಂಗಿ ಕೂಗಿದ್ದೂ ಅವನಿಗೆ ಕೇಳಿಸಲಿಲ್ಲವೋ ಏನೋ.

ಉಳಿದದ್ದು ಕಲ್ಲು. ಅಪ್ಪ ಅವ್ವ ಇಬ್ಬರಿಗೂ ಸೇರಿ ಹೊಸದಾಗಿ ಒಂದೇ ಕಲ್ಲು ನಿಲ್ಲಿಸುವುದೆಂದು ಮೊದಲೇ ಮಾತಾಗಿತ್ತು. ಪುನರುತ್ಥಾನದ ಹಬ್ಬದ, ಅಂದರೆ ಈಸ್ಟರಿನ, ಬೆಳಿಗ್ಗೆ ನಾವೆಲ್ಲ ಸಮಾಧಿ ತೋಟದಲ್ಲಿ ಸೇರಿ ಪ್ರಾರ್ಥನೆ ಮಾಡುವ ಪದ್ಧತಿ. ಅಷ್ಟರೊಳಗೆ ಆಗಬೇಕು. ಪಾವಗಡ ರಸ್ತೆಯಲ್ಲಿ ಕಲ್ಲು ಕೆತ್ತುವವನು, "ಅಕ್ಷರ ಕೊಡಿ ಸ್ವಾಮಿ, ಹಬ್ಬ ಬಂತು," ಎಂದು ಫೋನಿನ ಮೇಲೆ ಫೋನು ಮಾಡಿದ. ಇವರು ನಾಳೆ, ನಾಡಿದ್ದು ಎನ್ನುತ್ತಲೇ ಇದ್ದರು. ಬುಧವಾರದ ಕೂಟದಲ್ಲಿ ಮಾತ್ರ ದನಿ ಜೋರಾಗುತ್ತಾ ಹೋಯಿತು. ಆಯ್ದುಕೊಂಡ ಜನ ಎಂದರೆ ಈಗ ಸಭೆಯೇ, ಬೇರೆ ಯಾರೂ ಇಲ್ಲ, ಸೀಟಿನಿಂದ ಎಬ್ಬಿಸಿದವರನ್ನು ಎಬ್ಬಿಸಿದ್ದೇ ಎಂದು ಅಯ್ಯನವರ ಮೇಲೆ ಏರಿ ಹೋಗುತ್ತಿದ್ದರು. ಅಯ್ಯನವರು ಜಾಣರು. ಕಲ್ಲಿನ ಮಾತು ತಪ್ಪಿಯೂ ಎತ್ತಲಿಲ್ಲ.

ಎತ್ತಿದವರು ಕಂಡಕ್ಟ್ರಣ್ಣನ ಹೆಂಡತಿ. ಆ ವಾರದ ಕೂಟ ಅವರ ಮನೆಯಲ್ಲೇ ಇತ್ತು. ಕಂಡಕ್ಟ್ರಣ್ಣ ನಡುಮನೆಯ ಮಧ್ಯೆ ನಿಂತು, "ಅವ್ರು ಬುಟ್ಟು ಹೋದ್ರು, ನಾವು ಬಂದ್ವು. ಈಗ ಮಕ್ಕಳು ಅಂದ್ರೆ ನಾವೇ. ಅವ್ರ ಜಾಗ ನಮ್ದು, ಅವ್ರ ಹೆಸ್ರೂ ನಮ್ದೇ," ಎನ್ನುತ್ತಿದ್ದರು. ಅವರ ಹೆಂಡತಿ ಕಾಫಿ ತಟ್ಟೆ ಹಿಡಿದು ಅಡಿಗೆಮನೆಯಿಂದ ಬಂದವರು ಹೊಸಲಲ್ಲೇ ನಿಂತರು.

"ರೀ, ನೀವು ಈ ಮನೆ ಮಗ ಆಗ್ಬುಟ್ರೆ ನಾನ್ ನಿಮ್ಗೇನಾಗ್ಬೇಕು? ತಂಗೀನಾ?"

ಬಾಗಿಲ ಬಳಿಯ ಅಜ್ಜಿ ಕಿಸಕ್ಕೆಂದರು, ಅಯ್ಯನವರು ಸತ್ಯವೇದವನ್ನು ಮುಖಕ್ಕೆ ಅಡ್ಡ ಹಿಡಿದರು, ಮನೆಗೆ ಮನೆಯೇ ನಕ್ಕಿತು. ಕಂಡಕ್ಟ್ರಣ್ಣನ ಕಿವಿ ಕೆಂಪಾಯಿತು.

"ನೀನು ಸುಮ್ಕಿರೇ. ದೇವರ ವಾಕ್ಯದಾಗೆ ಬಾಯಿ ಹಾಕ್ಬೇಡ."

"ನಾನು ವಾಕ್ಯದ ಮಾತಾಡ್ತಿಲ್ಲ, ಕಲ್ಲಿನ್ ಮಾತಾಡ್ತಿದೀನಿ. ನನ್ ಕೈ ಹಿಡಿದಿದ್ದಕ್ಕೆ ನೀವು ಈ ಮನೆಯೋರಾಗಿದ್ದು. ನಮ್ಮಣ್ಣನ್ನ ಅಳಿಸಿದ್ದಕ್ಕಲ್ಲ." ಅಷ್ಟು ಹೇಳಿ ಎಲ್ಲರಿಗೂ ಕಾಫಿ ಕೊಟ್ಟರು. ಗಂಡನಿಗೂ ಕೊಟ್ಟರು.

ಆ ಸಂಜೆ ಅವರು ತಿರುಗಿ ಕೈ ಎತ್ತಲಿಲ್ಲ. ಶನಿವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಹೊಸಕೋಟೆಗೆ ಹೋಗ್ಬರಾನಾ? ಒಬ್ನೇ ಹೋಗಕ್ಕೆ ಬ್ಯಾಸರ," ಎಂದರು. ಬೇಸರವಲ್ಲ, ಹೆದರಿಕೆ ಎಂದು ನನಗೆ ತಿಳಿಯಿತು. ಹೊರಟೆವು. ಪಾವಗಡದವರೆಗೂ ಅವರು ಮಾತಾಡಿದ್ದು ಬಸ್ಸಿನ ಹುಡುಗ ಕಂಡಕ್ಟರನ ತಪ್ಪುಗಳನ್ನು. ಅಲ್ಲಿಂದ ಹೊಸಕೋಟೆಯವರೆಗೆ ಟಿಕೆಟನ್ನು ಮಡಿಸುತ್ತಾ ಬಿಚ್ಚುತ್ತಾ ಕೂತರು.

ಬಾವಮೈದ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದ. ನಮ್ಮನ್ನು ಕಂಡು ಎದ್ದು ತೆಲುಗಿನಲ್ಲಿ ಕೇಳಿದ.

"ಏಂ ಬಾವಾ, ಇಂತ ದೂರಂ ವಚ್ಚಿನಾವು?"

"ಇಷ್ಟ್ ದೂರ ಬಂದಿದೀನಿ, ಕನ್ನಡದಾಗೆ ಮಾತಾಡಯ್ಯ."

"ನಾಲ್ಗೆ ತಿರುಗೋಯ್ತು ಬಾವಾ. ಈಗ ಬೈಯಾಕೆ ಮಾತ್ರ ಕನ್ನಡ ಬತ್ತದೆ."

ನೀರು ಬಂತು, ಬೆಲ್ಲ ಬಂತು. ಬಾವಮೈದನ ಹೆಂಡತಿ ಒಳಗೇ ನಿಂತು, ಇವರನ್ನು ಅಣ್ಣಾ ಎಂದು ಕರೆದು ಯೋಗಕ್ಷೇಮ ಕೇಳಿದರು. ಕಂಡಕ್ಟ್ರಣ್ಣ ಪೀಠಿಕೆ ಹಾಕದೆ ಶುರು ಮಾಡಿದರು.

"ಅವ್ವನ ಕಲ್ಲು ಮಾಡಿಸ್ತಾ ಇದೀನಿ. ನಿನ್ನೆಸ್ರು ಹಾಕ್ಬೇಕು. ಇನಿಷಿಯಲ್ ಏನ್ ಬರ್ಕೋತೀಯ ಈಗ?"

"ಅಪ್ಪ ಬ್ಯಾಡ ಅಂದ ಹೆಸ್ರು ಅದು. ಈಗ್ಯಾಕ್ ಬಾವಾ?"

ಕಂಡಕ್ಟ್ರಣ್ಣ ಕಟ್ಟೆಯ ಮೇಲಿದ್ದ ಸಿಪ್ಪೆಗಳನ್ನು ಕೈಯಲ್ಲಿ ಒಂದು ಕಡೆಗೆ ಗುಡ್ಡೆ ಮಾಡಿದರು.

"ಅಪ್ಪ ಬ್ಯಾಡ ಅಂದಿರ್ಲಿಲ್ಲ. ಕಲ್ಲಿನ್ ಮಾತು ಅಪ್ಪ ಆಡ್ಲೇ ಇಲ್ಲ. ಕೆತ್ತೋನ ಹತ್ರ ಹೋಗಿದ್ದು ನಾನು. ಮಗ ಅಂತ ನನ್ನೆಸ್ರು ಹೇಳ್ದೆ. ಇನ್ಯಾರಾದ್ರೂ ಗಂಡ್ ಮಕ್ಳು ಅವ್ರಾ ಸ್ವಾಮಿ ಅಂದ. ಇಲ್ಲ ಅಂದೆ."

ಇಷ್ಟು ವರ್ಷ ಪಕ್ಕದಲ್ಲಿ ಕೂತು ಹಾಡಿದ ನನಗೂ ಇದು ಗೊತ್ತಿರಲಿಲ್ಲ. ಬಾವಮೈದನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು.

"ಇಷ್ಟು ವರ್ಷ ಅಪ್ಪನ್ನ ಬೈಕಂಡು ಬದುಕಿದ್ನಲ್ಲೋ, ಮಾರಾಯ."

"ಈಗ ನಾನಿದೀನಿ. ಬೈ."

ಅವನು ಬೈದ. ಕನ್ನಡದಲ್ಲೇ ಬೈದ. ಅವನು ಮರೆತಿದ್ದ ಕನ್ನಡವೆಲ್ಲ ಬಂತು, ನಾನು ಬರೆಯಲಾರದ್ದೂ ಬಂತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಹೆಂಡತಿ ಓಡಿ ಬಂದು ತೆಲುಗಿನಲ್ಲಿ ಏನೋ ಗದರಿದರು. ಕಂಡಕ್ಟ್ರಣ್ಣ ತಲೆ ತಗ್ಗಿಸಲಿಲ್ಲ. ಬಸ್ಸು ತಡವಾಗಿದ್ದಕ್ಕೆ ಕೂಗಾಡುವ ಪ್ರಯಾಣಿಕನ ಎದುರು ನಿಂತ ಹಾಗೆ, ಅವನ ಮುಖವನ್ನೇ ನೋಡುತ್ತಾ ಪೂರ್ತಿ ಕೇಳಿಸಿಕೊಂಡರು. ಬೈದು ಬೈದು ಅವನಿಗೆ ಕೆಮ್ಮು ಬಂತು. ಇವರೇ ನೀರಿನ ಚೊಂಬು ಎತ್ತಿಕೊಟ್ಟರು. ಅವನು ಕುಡಿದ. ಆಮೇಲೆ ಇನಿಷಿಯಲ್ ಹೇಳಿದ.

ಹಬ್ಬದ ಹಿಂದಿನ ಬುಧವಾರ ಆ ಅಧ್ಯಾಯ ಮುಗಿಯಿತು. ಅಯ್ಯನವರೇ ಹಿಂದಿನ ಗೋಡೆಯ ಕಡೆ ನೋಡಿ, "ಒಪ್ಪಿದ್ರಾ ಅಣ್ಣಾ?" ಎಂದರು.

"ಎಲ್ಲಾ ಒಪ್ಪಿಲ್ಲ, ಅಯ್ಯನೋರೆ. ಆ ವೀಡಿಯೋದೋನು ಹೇಳೋದಂತೂ ಒಂದೂ ಒಪ್ಪಿಲ್ಲ. ಆದ್ರೆ ಒಂದ್ ವಿಷ್ಯ. ಮಗ ಅಂತ ಅನ್ನಿಸ್ಕೊಂಡ್ರೇನೇ ಮನೇಲಿ ಜಾಗ ಅಂದ್ಕೊಂಡಿದ್ದೆ. ಹೊರಗಿಂದ ಬಂದೋನು ಹೊರಗಿಂದ ಬಂದೋನಾಗೇ ಒಳಗಿರ್ಬೋದು. ಅಪ್ಪ ಅವ್ವ ಯಾವತ್ತೂ ನನ್ನ ಊಟಕ್ಕೆ ಏಳು ಅನ್ನೋಕ್ ಮುಂಚೆ ನೀನ್ಯಾರ್ ಮಗ ಅಂತ ಕೇಳ್ಲಿಲ್ಲ." ಸ್ವಲ್ಪ ತಡೆದು, "ಪೌಲ ಇದನ್ನ ಹೇಳಿದ್ನೋ ಇಲ್ವೋ ನಂಗೊತ್ತಿಲ್ಲ," ಎಂದರು.

"ಹೇಳಿದಾನೆ," ಎಂದರು ಅಯ್ಯನವರು.

"ಅಂಗಾದ್ರೆ ಇನ್ನೊಂಚೂರು ಸಲೀಸಾಗಿ ಹೇಳ್ಬೋದಿತ್ತು."

ಹಬ್ಬದ ಬೆಳಿಗ್ಗೆ ಸಮಾಧಿ ತೋಟಕ್ಕೆ ಹೊಸಕೋಟೆಯವರೂ ಬಂದಿದ್ದರು, ಗಂಡ ಹೆಂಡತಿ ಇಬ್ಬರೂ. ಹಾಡಿಗೆ ಮುಂಚೆ ಜನ ತಮ್ಮ ತಮ್ಮವರ ಸಮಾಧಿಗಳ ಹತ್ತಿರ ಮೇಣದ ಬತ್ತಿ ಹಚ್ಚುತ್ತಿದ್ದರು. ಹೊಸ ಕಲ್ಲು ನಿಂತಿತ್ತು. ಹಳೆಯದನ್ನು ಬೋರಲು ಹಾಕಿ ಅದರ ಮೇಲೇ ಇದನ್ನು ನಿಲ್ಲಿಸಿದ್ದರು. ಮೊದಲ ಸಾಲಿನಲ್ಲಿ 'ಮಗ' ಎಂದು ಬಾವಮೈದನ ಹೆಸರು, ಇನಿಷಿಯಲ್ ಸಮೇತ. ಆಮೇಲೆ 'ಮಗಳು'. ಕೊನೆಗೆ 'ಅಳಿಯ'. ಸಭೆಯ ಹುಡುಗನೊಬ್ಬ ಓದಿ, "ಏನ್ ಕಂಡಕ್ಟ್ರಣ್ಣ, ನಿಮ್ಮನ್ನ ಕೆಳಕ್ಕೆ ಇಳಿಸ್ಬುಟ್ರಲ್ಲ," ಎಂದ.

"ಅಳಿಯ ಅಂದ್ರೆ ಕಮ್ಮಿ ಏನ್ಲಾ? ನಿನ್ ಮದ್ವೆ ಆಗ್ಲಿ, ಮಾವನ ಮನೇಲಿ ಕೋಳಿ ಕೊಯ್ದಾಗ ಗೊತ್ತಾಯ್ತದೆ."

ಬಾವಮೈದ ಕಲ್ಲಿನ ಎದುರು ಮಂಡಿಯೂರಿ ಕೂತು, ತನ್ನ ಹೆಸರಿನ ಮೇಲೆ ಬೆರಳಾಡಿಸಿದ. ಬೆರಳು ಹಾಗೇ ಕೆಳಕ್ಕೆ ಹೋಗಿ ನಿಂತಿತು.

"ಬಾವಾ, ಈ ಅಳಿಯ ಅನ್ನೋ ಅಕ್ಸರ ಮಗ ಅನ್ನೋದಕ್ಕಿಂತ ದಪ್ಪ ಐತಲ್ಲ?"

"ಕೆತ್ತೋನ ಕೈ ಅಂಗೆ."

"ಪಕ್ಕದಲ್ಲೇ ಕೂತ್ಕಂಡು ಕೆತ್ತಿಸಿದ್ರು ಕಣಣ್ಣಾ," ಎಂದರು ಕಂಡಕ್ಟ್ರಣ್ಣನ ಹೆಂಡತಿ.

ನಾವೆಲ್ಲ ಬಾವಮೈದನ ಮುಖ ನೋಡಿದೆವು. ಅವನು ಎದ್ದು ಮಂಡಿಯ ಮಣ್ಣು ಕೊಡವಿಕೊಂಡ.

"ಇರ್ಲಿ ಬುಡು. ಅವ್ವಂಗೆ ಉಣ್ಣಿಸಿದ್ದು ನೀನು."

ಕಂಡಕ್ಟ್ರಣ್ಣ ಒಂದು ಮೇಣದ ಬತ್ತಿ ಹಚ್ಚಿ ಅವನ ಕೈಗೆ ಕೊಟ್ಟರು. ನಾನು ಅವರನ್ನು ಕಂಡಷ್ಟು ಕಾಲದಲ್ಲಿ, ಎದುರು ವಾದ ಹೂಡದೆ ಅವರು ಒಪ್ಪಿಕೊಂಡ ಮಾತು ಅದೊಂದೇ.